ಐದು ನಲವತ್ತೆರಡರ ಮೇಲ್

ಗೋಕಾಕ
11 ಜೂನ್ 2025

ಶಹಬಾಜ,

ನೀನು ನನ್ನ ನಂಬರ್ ಬ್ಲಾಕ್ ಮಾಡಿ ಒಂದೂವರೆ ವರ್ಷವಾಯಿತು. ಬೇರೆಯವರ ಫೋನಿನಿಂದ ಮಾಡಿದರೆ ನನ್ನ ದನಿ ಕೇಳಿದ ಕೂಡಲೇ ಇಡುತ್ತೀ. ಅದಕ್ಕೆ ಈ ಕಾಗದ. ನೀನು ಕೆಲಸ ಮಾಡುವ ಮೋಟರ್ ವೈಂಡಿಂಗ್ ಅಂಗಡಿಯ ವಿಳಾಸವನ್ನು ನಮ್ಮ ಹಾಲಿನ ಟ್ಯಾಂಕರ್ ಓಡಿಸುವ ಮಾಳಪ್ಪ ಕೊಟ್ಟ. "ಅಂವ ಕಾಗದ ಹರದ ಒಗದ್ರ ಏನ ಮಾಡ್ತಿ?" ಎಂದು ಕೇಳಿದ. ಒಗೆಯಲಿ, ಬರೆದದ್ದು ಸುಳ್ಳಾಗುವುದಿಲ್ಲ ಎಂದೆ.

ಮೊದಲು ವಿಷಯ ಹೇಳಿಬಿಡುತ್ತೇನೆ. ನಿಮ್ಮ ಅಬ್ಬಾ, ನನ್ನ ನಿಜಾಮಕಾಕಾ, ಅಂದು ಮೇಲ್ ಕಳಿಸಿದ್ದು ಖರೆ ಇರಬಹುದು. ಅದು ಕಳೆದಿದ್ದರೆ, ಕಳೆದವನು ನಾನು.

ನೀನು ನಡೆದದ್ದನ್ನೆಲ್ಲ ಬೇರೆಯವರ ಬಾಯಿಂದ ಕೇಳಿದ್ದೀ. ಒಮ್ಮೆ ನನ್ನ ಬಾಯಿಂದ ಕೇಳು. 2023ರ ಖಂಡೇನವಮಿಯ ಸಂಜೆ, ಆಯುಧಪೂಜೆಯ ಹೊತ್ತು. ನಿಜಾಮಕಾಕಾ ನಮ್ಮ ಬಿಳಿಗಂಗಾ ಡೇರಿಯ ಹುಕ್ಕೇರಿ ಶೀತಲ ಕೇಂದ್ರದ ಇನ್‌ಚಾರ್ಜ್. ಕಂಪ್ರೆಸರ್ ಕೆಟ್ಟಿತು. ತೊಟ್ಟಿಯಲ್ಲಿ ಒಂಬತ್ತು ಸಾವಿರ ಲೀಟರ್ ಹಾಲು. ಟ್ಯಾಂಕರ್ ಬೇಕಾದರೆ ಬಾಯಿಮಾತು ನಡೆಯದು, ಗೋಕಾಕದ ಹೆಡ್ ಆಫೀಸಿಗೆ ಮೇಲ್ ಹಾಕಬೇಕು ಎಂಬುದು ಡೇರಿಯ ನಿಯಮ. ಕಾಕಾ ಹೇಳಿದ್ದು ಇಷ್ಟು: ಮೇಲ್ ಹಾಕಿದೆ, ಪರದೆಯ ಮೇಲೆ 'ಹೋಯಿತು' ಎಂದು ಬಂತು, ಟ್ಯಾಂಕರ್ ಬರುತ್ತದೆಂದು ಕಂಪ್ರೆಸರ್ ಬಿಚ್ಚಲು ಕುಳಿತೆ. ಗೋಕಾಕದಲ್ಲಿ ಯಾರಿಗೂ ಮೇಲ್ ಬರಲಿಲ್ಲ. ರಾತ್ರಿ ಎಂಟಕ್ಕೆ ಅವರು ಫೋನ್ ಮಾಡುವಷ್ಟರಲ್ಲಿ ಡ್ರೈವರ್‌ಗಳೆಲ್ಲ ಗಾಡಿಗೆ ಹಾರ ಹಾಕಿ ಊರಿಗೆ ಹೋಗಿದ್ದರು. ಬೆಳಗಾಗುವಷ್ಟರಲ್ಲಿ ಹಾಲು ಒಡೆಯಿತು. ಅದೇ ವಾರ ವೋಲ್ಟೇಜ್ ಏರಿ ಕೇಂದ್ರದ ಕಂಪ್ಯೂಟರ್ ಸುಟ್ಟಿತು. ಕಳಿಸಿದ ಮೇಲ್‌ಗಳ ಪ್ರತಿ ಇದ್ದದ್ದು ಅದರಲ್ಲಿ ಮಾತ್ರ.

ಸರ್ವರ್ ಕೋಣೆಯಲ್ಲಿ ಮೇಲ್ ನೋಡಿಕೊಳ್ಳುವವನು ನಾನು, ಅದಕ್ಕೆ ವಿಚಾರಣೆಯಲ್ಲಿ ಜನರಲ್ ಮ್ಯಾನೇಜರ್ ವಿಜಯಶ್ರೀ ಮೇಡಂ ನನ್ನನ್ನು ಕೇಳಿದರು: "ಆ ಮೇಲ್ ಬಂದಿತ್ತೇನು?" ನಾನು ಎಲ್ಲರ ಪೆಟ್ಟಿಗೆಯನ್ನೂ ಹುಡುಕಿದ್ದೆ. "ಬಂದಿಲ್ರಿ" ಎಂದೆ. ಕಾಕಾ ನನ್ನನ್ನೇ ನೋಡುತ್ತಿದ್ದರು. ಹತ್ತನೆಯ ತರಗತಿ ಬಿಟ್ಟು ತುಕ್ಕಾನಟ್ಟಿಯಲ್ಲಿ ಸುಮ್ಮನೆ ತಿರುಗುತ್ತಿದ್ದ ನನ್ನನ್ನು ಡೇರಿಗೆ ಸೇರಿಸಿದವರು ಅವರೇ. ಆದರೂ ಬರದೇ ಇದ್ದದ್ದನ್ನು ಬಂದಿದೆ ಎನ್ನಲು ನನಗೆ ಬರುವುದಿಲ್ಲ. ಕಾಕಾ ಹಾಲು ಕೆಡಿಸಿ ಸುಳ್ಳು ಹೇಳಿದರು ಎಂದು ಮೇಡಂ ಬರೆದುಕೊಂಡರು. ಕಾಕಾ ಕೆಲಸ ಬಿಟ್ಟರು.

ಈಗ ಡೇರಿಯ ಮೇಲ್ ಸರ್ವರ್ ಬದಲಾಗುತ್ತಿದೆ. ಹಳೆಯದರಲ್ಲಿ ಐದು ಯಂತ್ರ, ಒಂದೊಂದಕ್ಕೆ ಒಂದೊಂದೇ ಕೆಲಸ. ಹಾಲು ಹಾಕುವ ಕಟ್ಟೆಯಲ್ಲಿ ಒಬ್ಬ ಅಳೆಯುತ್ತಾನೆ, ಒಬ್ಬ ಫ್ಯಾಟ್ ನೋಡುತ್ತಾನೆ, ಒಬ್ಬ ಚೀಟಿ ಬರೆಯುತ್ತಾನೆ; ಫ್ಯಾಟ್ ನೋಡುವವನು ಬರದಿದ್ದರೆ ಕ್ಯಾನ್ ಅಲ್ಲೇ ನಿಲ್ಲುತ್ತದೆ. ಹಾಗಿತ್ತು ಅದು. ಹೊಸದರಲ್ಲಿ ಎರಡೇ ದೊಡ್ಡ ಯಂತ್ರ, ಒಂದು ಗೋಕಾಕದಲ್ಲಿ, ಒಂದು ಹುಕ್ಕೇರಿಯಲ್ಲಿ. ಎರಡೂ ಎಲ್ಲ ಕೆಲಸ ಮಾಡುತ್ತವೆ. ಎಲ್ಲರ ಪೆಟ್ಟಿಗೆಯೂ ಎರಡೂ ಕಡೆ ಇರುತ್ತದೆ. ನಡುವಿನ ಲೈನ್ ಕಡಿದಾಗ ಎರಡೂ ನಾನೇ ಯಜಮಾನ ಎನ್ನಬಾರದೆಂದು ಮೂಡಲಗಿಯಲ್ಲಿ ಒಂದು ಸಣ್ಣ ಯಂತ್ರ. ಅದರ ಕಣ್ಣಿಗೆ ಕಾಣುವುದು ಯಾವುದೋ ಅದು ಮುಂದುವರಿಯಬೇಕು. ಮೇಲ್ ಅಳಿಸಿದರೂ ಇಂತಿಷ್ಟು ದಿನ ಒಳಗೆ ಉಳಿಯುತ್ತದೆ. ಹುಡುಕಿದರೆ ಹಳೆಯದರಂತೆ ಚಹಾ ಕುಡಿದು ಬರುವಷ್ಟು ಹೊತ್ತು ಹಿಡಿಯುವುದಿಲ್ಲ.

ಇದನ್ನೆಲ್ಲ ಕೂಡಿಸಲು ಬೆಳಗಾವಿಯಿಂದ ಬಾಳೇಶ ಸರ್ ಬಂದಿದ್ದಾರೆ. ಕಳೆದ ವಾರ ಅವರು ಕೇಬಲ್ ಚುಚ್ಚುತ್ತ ಹೇಳಿದರು: "ಹಳೇದು ಮೇಲ್ ಕೈಗೆ ಬಂದ ಕೂಡಲೆ ಕಳಿಸಿದಾವಗ 'ಮುಟ್ಟಿತು' ಅಂತಿತ್ತು. ಹೊಸಾದು ಬಾಜೂ ಯಂತ್ರದಾಗ ಒಂದ ಪ್ರತಿ ಇಟ್ಟಮ್ಯಾಲೇ ಅನ್ನತೈತಿ."

"ಅಷ್ಟ ತಡಾ ಯಾಕ್ರಿ?"

"ನಡಕ ಕರೆಂಟ್ ಹೋದ್ರ? ಕಳಿಸಿದಾಂವ ಮುಟ್ಟೇತಿ ಅಂತಾನ, ತಗೊಳ್ಳಾಂವ ಬಂದಿಲ್ಲ ಅಂತಾನ. ಇಬ್ಬರೂ ಖರೇನ ಹೇಳತಿರತಾರ. ಜಗಳ ಮಾತ್ರ ಹರಿಯೂದಿಲ್ಲ."

ನನ್ನ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಹಾಗೇ ನಿಂತಿತು.

ಆ ಖಂಡೇನವಮಿಯ ಸಂಜೆ ಸರ್ವರ್ ಕೋಣೆಯಲ್ಲೂ ಪೂಜೆಯಿತ್ತು. ಪೂಜೆ ಆಗುವಾಗ ಯಂತ್ರ ಓಡಬಾರದು. ಕೋಣೆಯ ಹಿರಿಯರಾದ ದುಂಡಪ್ಪಕಾಕಾ "ಒಂದೊಂದ ಬಂದ್ ಮಾಡ" ಎಂದು ಹೇಳಿ ಕಾಯಿ ತರಲು ಹೋದರು. ನಾಲ್ಕು ಯಂತ್ರ ಬಂದಾದವು. ಮೇಲ್ ಸಾಗಿಸುವ ಮೂರನೆಯದು ಮಾತ್ರ ಬಂದಾಗಲು ಹೊತ್ತು ತೆಗೆದುಕೊಳ್ಳುತ್ತಿತ್ತು. ಹೊರಗೆ ಕುಂಬಳಕಾಯಿ ಒಡೆಯಲು ಜನ ನಿಂತಿದ್ದರು. ನನಗೆ ಕಾಯಲು ಆಗುವುದಿಲ್ಲ, ನಿನಗೆ ಗೊತ್ತು. ಪ್ಲಗ್ ಕಿತ್ತೆ. ಚೆಂಡುಹೂವಿನ ಹಾರ ಹಾಕಿದೆ.

ಆಗ ಐದೂವರೆಯಿಂದ ಆರರ ಒಳಗೆ. ನಿಜಾಮಕಾಕಾ ಮೇಲ್ ಹಾಕಿದ್ದು ಆ ಹೊತ್ತಿಗೇ ಎಂದು ಹೇಳಿದ್ದರು.

ವಿಚಾರಣೆಯಲ್ಲಿ ಯಾರೂ ಪ್ಲಗ್ಗಿನ ಬಗ್ಗೆ ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ. ಕೇಳದಿದ್ದರೂ ಹೇಳಬೇಕಿತ್ತು ಎಂದು ಹೊಳೆಯಲಿಲ್ಲ, ಏಕೆಂದರೆ ಎರಡಕ್ಕೂ ಸಂಬಂಧವಿದೆ ಎಂದೇ ಗೊತ್ತಿರಲಿಲ್ಲ.

ಭೀಮೇಶ


ಹುಕ್ಕೇರಿ
21 ಜೂನ್ 2025

ಭೀಮ್ಯಾ,

ಎರಡು ದಿನ ನಿನ್ನ ಕಾಗದ ಒಡೆಯಲಿಲ್ಲ. ಒಡೆದ ಮೇಲೆ ಎರಡು ಸಲ ಓದಿದೆ.

ಅಬ್ಬಾ ಈಗ ದಡ್ಡಿಯಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಾರೆ. ನಿಮ್ಮ ಡೇರಿಯ ಮಂದಿ ಅವರಿಗೆ 'ಹ್ವಾತ್ರಿಸಾಬ' ಎಂದು ಹೆಸರಿಟ್ಟದ್ದು ನಿನಗೆ ಗೊತ್ತಿರಬೇಕು. ವಿಚಾರಣೆಯಲ್ಲಿ ಅವರು "ಮೇಲ್ ಹ್ವಾತ್ರಿ, ಹ್ವಾತ್ರಿ" ಎಂದು, ಮೇಲ್ ಹೋಯಿತು ಎಂದು, ಹೇಳಿದ್ದೇ ಹೇಳಿದ್ದರಂತೆ. ಆ ಹೆಸರು ಈಗ ದಡ್ಡಿಗೂ ಬಂದಿದೆ. ಜೋಳ ಬೀಸಲು ತಂದ ಒಬ್ಬಳು, "ಹ್ವಾತ್ರಿಸಾಬ್ರ, ಹಿಟ್ಟ ಪೂರ್ತಿ ಬಂತೋ, ಸ್ವಲ್ಪ ಹ್ವಾತೋ?" ಎಂದು ಕೇಳಿದಳು. ಅಬ್ಬಾ ನಕ್ಕು ಹಿಟ್ಟು ತೂಗಿಕೊಟ್ಟರು. ಅವರು ನಕ್ಕದ್ದು ನನಗೆ ಸಹಿಸಲಾಗಲಿಲ್ಲ.

ನೀನು ಇದನ್ನು ನನಗೆ ಬರೆದೆ. ಮೇಡಂ ಮುಂದೆ ಹೇಳಿದೆಯಾ? ನನಗೆ ಹೇಳುವುದು ಸುಲಭ. ನಾನು ನಿನ್ನ ನೌಕರಿ ತೆಗೆಯಲಾರೆ.

ಅಬ್ಬಾಗೆ ನಾನು ಏನೂ ಹೇಳಿಲ್ಲ. 'ಇರಬಹುದು' ಎಂಬ ಮಾತನ್ನು ಒಯ್ದು ಅವರ ಮುಂದೆ ಇಡುವುದಿಲ್ಲ.

ಇನ್ನೊಂದು. ಇಷ್ಟು ಪುಸ್ತಕದ ಕನ್ನಡ ಬರೆಯುತ್ತೀಯಲ್ಲ, ಮಾತಾಡುವಾಗ ಎಲ್ಲಿರುತ್ತದೆ ಅದು? ನನಗೂ ಪೆನ್ನು ಹಿಡಿದರೆ ಹೀಗೇ ಬರುತ್ತದೆ. ಮಾಸ್ತರರ ಪೆಟ್ಟು ಇಬ್ಬರಿಗೂ ಇನ್ನೂ ಇಳಿದಿಲ್ಲ.

ಶಹಬಾಜ


ಗೋಕಾಕ
8 ಜುಲೈ 2025

ಶಹಬಾಜ,

ಹೇಳಿದೆ.

ಮೊದಲು ದುಂಡಪ್ಪಕಾಕಾಗೆ ಹೇಳಿದೆ, ಬೆನ್ನ ಹಿಂದೆ ಹೇಳಿದಂತಾಗಬಾರದೆಂದು. ಅವರು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು.

"ಎರಡ ವರ್ಷದ ಹುಣ್ಣ ಯಾಕ ಕೆರೀತಿ? ನಾ ಡಿಸೆಂಬರಕ್ಕ ರಿಟೈರ್ ಆಗಾಂವ."

"ಪ್ಲಗ್ ಕಿತ್ತಾಂವ ನಾ ರಿ. ನಿಮ್ಮ ಹೆಸರ ಎದಕ್ಕ ಬರತೈತಿ?"

"ಬಂದ್ ಮಾಡಂದಾಂವ ನಾ ಅಲ್ಲೇನೊ?"

"ಹೌದ್ರಿ. ಅದನ್ನ ಕೇಳಿದ್ರ ಹೇಳತೇನ್ರಿ."

ಅವರು ಸುಣ್ಣದ ಡಬ್ಬಿ ಮುಚ್ಚಿದರು. "ನಿನ್ನ ಜೋಡಿ ಕೆಲಸಾ ಮಾಡೂದಂದ್ರ ಬರೇ ವೈಯರ್ ಬಾಜೂ ಕುಂತಂಗ. ಹೋಗ, ಹೇಳ ಹೋಗ. ನಾನೂ ಬರತೇನ ತಡಿ, ಒಬ್ಬನ ಹೋದ್ರ ನೀ ಇನ್ನೂ ಏನೇನ ಹೇಳತಿಯೋ."

ವಿಜಯಶ್ರೀ ಮೇಡಂ ಪೂರ್ತಿ ಕೇಳಿದರು. ಬೈಯಲಿಲ್ಲ. "ಮಾಡಿ ತೋರಸು" ಎಂದರು. ಹಳೆಯ ಐದು ಯಂತ್ರಗಳು ಇನ್ನೂ ಜಾಗದಲ್ಲೇ ಇವೆ. ಮರುದಿನ ಪ್ರಯತ್ನಿಸಿದೆವು. ದುಂಡಪ್ಪಕಾಕಾ ಬಾಜೂ ಕೋಣೆಯಿಂದ ಮೇಲ್ ಹಾಕುವುದು, ಅವರು 'ಹ್ಞೂಂ' ಎಂದ ಕೂಡಲೇ ನಾನು ಪ್ಲಗ್ ಕೀಳುವುದು. ನಾಲ್ಕು ಸಲ ಮಾಡಿದೆವು. ಎರಡು ಸಲ ಯಂತ್ರ ಮತ್ತೆ ಎದ್ದ ಮೇಲೆ ಮೇಲ್ ಬಂದು ಮುಟ್ಟಿತು. ಎರಡು ಸಲ ಬರಲೇ ಇಲ್ಲ, ಕಳಿಸಿದ ಪರದೆಯ ಮೇಲೆ ಮಾತ್ರ 'ಹೋಯಿತು' ಎಂದೇ ಇತ್ತು. ಆಮೇಲೆ ಹೊಸ ಯಂತ್ರದಲ್ಲಿ ಅದನ್ನೇ ನಾಲ್ಕು ಸಲ ಮಾಡಿದೆವು. ಗೋಕಾಕದ್ದನ್ನು ಕಿತ್ತರೆ ಹುಕ್ಕೇರಿಯದು ತಂದು ಮುಟ್ಟಿಸಿತು. ನಾಲ್ಕಕ್ಕೆ ನಾಲ್ಕು.

ಮೇಡಂ ಕುರ್ಚಿ ಎಳೆದುಕೊಂಡು ಕುಳಿತರು.

"ಅಂದ್ರ ಮೇಲ್ ಕಳೀಬಹುದು."

"ಹೌದ್ರಿ."

"ನಿಜಾಮಸಾಬರು ಅವತ್ತ ಕಳಿಸಿದ್ರು. ಹೌದಿಲ್ಲೋ?"

ಕಿತ್ತ ಪ್ಲಗ್ಗನ್ನು ನಾನು ಮತ್ತೆ ಹಾಕಿದೆ. ಅವರು ಮತ್ತೆ ಹೇಳಿದರು, ನಿಧಾನವಾಗಿ: "ನೀ ಹೌದನ್ನು. ಇವತ್ತ ಸಂಜೀಗೆ ಲೆಟರ್ ಮಾಡತೇನಿ. ಅವರ ಹೆಸರಿಂದ ಸುಳ್ಳಂಬೂ ಮಾತ ತಗೀತೇನಿ."

ದುಂಡಪ್ಪಕಾಕಾ ಹಿಂದಿನಿಂದ ನನ್ನ ಅಂಗಿ ಜಗ್ಗಿದರು.

"ಕಳೀಬಹುದು ಅನ್ನೂದು ಗೊತ್ತೈತ್ರಿ ಮೇಡಂ. ಕಳಿಸಿದ್ರು ಅಂತ ನಾ ನಂಬತೇನ್ರಿ. ಗೊತ್ತಿಲ್ರಿ."

"ನಂಬಿಕಿ ಫೈಲಿನಾಗ ಹಾಕಾಕ ಬರೂದಿಲ್ಲಪಾ" ಎಂದು ಅವರು ಎದ್ದರು. ಪ್ಲಗ್ ಕಿತ್ತದ್ದನ್ನು ಬರೆದು ಕೊಡು ಎಂದರು. ಬರೆದು ಸಹಿ ಮಾಡಿ ಕೊಟ್ಟೆ. ಹಳೆಯ ಯಂತ್ರಗಳು ಆಗಸ್ಟ್ ಇಪ್ಪತ್ತಕ್ಕೆ ಗುಜರಿಗೆ ಹೋಗುತ್ತವೆ.

ನೀನು ಸಿಟ್ಟಾಗುತ್ತೀ ಎಂದು ಗೊತ್ತಿದ್ದೇ ಬರೆಯುತ್ತಿದ್ದೇನೆ.

ಭೀಮೇಶ


ಹುಕ್ಕೇರಿ
14 ಜುಲೈ 2025

ಭೀಮೇಶ,

ಒಂದು 'ಹೌದು' ಸಾಕಿತ್ತು. ಆ ಹೆಂಗಸು ಬಾಗಿಲು ತೆರೆದು ಹಿಡಿದು ನಿಂತಿದ್ದಳು, ನೀನು ಹೊಸ್ತಿಲಲ್ಲಿ ನಿಂತು ಬಾಗಿಲ ಕಟ್ಟಿಗೆ ಯಾವುದು ಎಂದು ನೋಡಿದೆ.

ಅಂದೂ ಖರೆ ಹೇಳಿದೆ, ಇಂದೂ ಖರೆ ಹೇಳಿದೆ. ನೀನು ಖರೆ ಹೇಳಿದಾಗಲೆಲ್ಲ ಪೆಟ್ಟು ನಮ್ಮ ಮನೆಗೇ ಏಕೆ ಬೀಳುತ್ತದೆ?

ಇನ್ನು ಬರೆಯಬೇಡ.

ಶಹಬಾಜ


ದಡ್ಡಿ
29 ಜುಲೈ 2025

ಭೀಮೇಶನಿಗೆ ನಿಜಾಮಸಾಬನ ಸಲಾಂ. ನಿಮ್ಮ ತಂದೆ ತಾಯಿಗೂ ತಿಳಿಸು.

ಶಹಬಾಜ ರಜೆಗೆ ಬಂದವನು ಊಟದ ತಟ್ಟೆ ಮುಂದಿಟ್ಟುಕೊಂಡು ಉಣ್ಣದೆ ಕುಳಿತಿದ್ದ. ಅವನ ತಾಯಿ ತಾಜಬಿ ಕೇಳಿ ಕೇಳಿ ಬಾಯಿ ಬಿಡಿಸಿದಳು. ನಿನ್ನ ಎರಡೂ ಕಾಗದಗಳನ್ನು ಅವನಿಂದ ಇಸಿದುಕೊಂಡು ಓದಿದೆ.

ನಿನಗೆ ಒಂದು ಮಾತು ಹೇಳುತ್ತೇನೆ. ಇದನ್ನು ಮನೆಯಲ್ಲಿ ಯಾರಿಗೂ ಹೇಳಿಲ್ಲ. ಮೊದಲ ಆರು ತಿಂಗಳು ಮೇಲ್ ಕಳಿಸಿದ್ದೆ ಎಂದು ಸಿಕ್ಕಸಿಕ್ಕವರೊಡನೆ ವಾದ ಮಾಡಿದೆ. ಆಮೇಲೆ ವಾದ ಒಳಗೇ ಶುರುವಾಯಿತು. ಗುಂಡಿ ಒತ್ತಿದೆನೋ, ಒತ್ತಿದೆ ಎಂದುಕೊಂಡೆನೋ? 'ಹೋಯಿತು' ಎಂದು ಬಂದದ್ದು ಆ ಮೇಲ್‌ಗೋ, ಬೆಳಗ್ಗೆ ಕಳಿಸಿದ ಬೇರೆಯದಕ್ಕೋ? ಕೈಗೆ ಗ್ರೀಸ್ ಹತ್ತಿತ್ತು, ಒಂದೇ ಬೆರಳಿನಿಂದ ಟೈಪ್ ಮಾಡಿದ್ದೆ. ಅಷ್ಟು ನೆನಪಿದೆ. ಉಳಿದದ್ದು ನೆನಪೋ, ಹೇಳಿ ಹೇಳಿ ಗಟ್ಟಿಯಾದ ಮಾತೋ ಗೊತ್ತಾಗುವುದಿಲ್ಲ. ಹಾಗಾಗಿ ಮೇಡಂ ಮುಂದೆ ನೀನು ಗೊತ್ತಿಲ್ಲ ಎಂದದ್ದಕ್ಕೆ ನಾನು ಏನೂ ಅನ್ನಲಾರೆ. ನನ್ನನ್ನು ಕೇಳಿದ್ದರೆ ನಾನೂ ಅದನ್ನೇ ಹೇಳಬೇಕಾಗಿತ್ತು.

ಶಹಬಾಜ ಮಗ. ನಮ್ಮಪ್ಪ ಖರೆ ಎಂದು ನಂಬಿ ಕುಳಿತಿದ್ದಾನೆ. ನನಗೆ ಆ ಸುಖವೂ ಇಲ್ಲ.

ಒಂದು ಸಂಶಯ ಕೇಳುತ್ತೇನೆ. ನಿನ್ನ ಯಂತ್ರದ ವಿದ್ಯೆ ನನಗೆ ತಿಳಿಯದು, ಕಂಪ್ರೆಸರಿನದು ತಿಳಿದಿದೆ. ಓಡುವ ಕಂಪ್ರೆಸರನ್ನು ಒಮ್ಮೆಲೇ ನಿಲ್ಲಿಸಿದರೆ ಒತ್ತಿದ ಗ್ಯಾಸು ಒಳಗೇ ಉಳಿಯುತ್ತದೆ. ಅದನ್ನು ಬಿಡದೆ ಮತ್ತೆ ಚಾಲೂ ಮಾಡಲು ಹೋದರೆ ಅದು ಏಳುವುದಿಲ್ಲ. ಅಂದು ಪೂಜೆ ಮುಗಿದ ಮೇಲೆ ನಿನ್ನ ಮೂರನೆಯ ಯಂತ್ರ ಒಂದೇ ಸಲಕ್ಕೆ ಎದ್ದಿತೇ? ಏಳದಿದ್ದರೆ ನೀನು ಒಳಗಿನದನ್ನು ಏನು ಮಾಡಿದೆ?

ನಿಜಾಮಸಾಬ


ಗೋಕಾಕ
11 ಆಗಸ್ಟ್ 2025

ನಿಜಾಮಕಾಕಾ ಅವರಿಗೆ ನಮಸ್ಕಾರ.

ಎದ್ದಿರಲಿಲ್ಲ.

ನಿಮ್ಮ ಕಾಗದ ಓದುತ್ತಿದ್ದಂತೆ ಎಲ್ಲ ನೆನಪಾಯಿತು. ಪೂಜೆ ಮುಗಿದು ಪ್ಲಗ್ ಹಾಕಿದರೆ ಯಂತ್ರ ಚಾಲೂ ಆಯಿತು, ಒಳಗಿನ ಮೇಲ್ ಕೆಲಸ ಮಾತ್ರ ಶುರುವಾಗಲಿಲ್ಲ. ದುಂಡಪ್ಪಕಾಕಾ ಪ್ರಸಾದ ಹಂಚುತ್ತಿದ್ದರು. ನಾನು ಫೋನಿನಲ್ಲಿ ಹುಡುಕಿ ನೋಡಿದೆ. ಸಾಗಿಸಬೇಕಾದ ಮೇಲ್‌ಗಳು ಸಾಲಾಗಿ ಕಾಯುವ ಫೋಲ್ಡರ್ ಕೆಟ್ಟಿದೆ, ಅದನ್ನು ಬದಿಗೆ ಸರಿಸು, ಯಂತ್ರ ಹೊಸದೊಂದನ್ನು ತಾನೇ ಮಾಡಿಕೊಳ್ಳುತ್ತದೆ ಎಂದಿತ್ತು. ಸರಿಸಿದೆ. ಅದಕ್ಕೆ 'ಹಬ್ಬ' ಎಂದು ಹೆಸರು ಕೊಟ್ಟೆ. ಯಂತ್ರ ಎದ್ದಿತು. ನಾನು ಮನೆಗೆ ಹೋದೆ. ವಿಚಾರಣೆಯ ಹೊತ್ತಿಗೆ ಜನರ ಪೆಟ್ಟಿಗೆಗಳನ್ನು ಹುಡುಕಿದೆನೇ ಹೊರತು ಅದನ್ನಲ್ಲ. ಕೆಟ್ಟದ್ದು ಎಂದು ಒಮ್ಮೆ ಬದಿಗಿಟ್ಟ ಮೇಲೆ ಅದು ನನ್ನ ತಲೆಯಿಂದಲೇ ಹೋಗಿತ್ತು.

ಓಡಿಹೋಗಿ ನೋಡಿದೆ. 'ಹಬ್ಬ' ಅಲ್ಲೇ ಇತ್ತು. ಗುಜರಿಗೆ ಇನ್ನು ಹದಿನೇಳು ದಿನ ಉಳಿದಿತ್ತು.

ಮೇಡಂ ಅನುಮತಿ ಕೊಟ್ಟರು. ಬಾಳೇಶ ಸರ್ ಬೆಳಗಾವಿಯಿಂದ ಫೋನಿನಲ್ಲಿ ಹೇಳಿಕೊಟ್ಟರು: "ಮೊದಲ ನಾಕ ಪ್ರತಿ ತಗಿ. ಪ್ರತಿ ಮ್ಯಾಲೆ ರಿಪೇರಿ ಮಾಡು, ಮೂಲ ಮುಟ್ಟಬ್ಯಾಡ. ನಿನಗ ಗಡಬಡಿ ಭಾಳ." ಮೊದಲ ಪ್ರತಿ ರಿಪೇರಿಯಲ್ಲಿ ಹಾಳಾಯಿತು. ಎರಡನೆಯದಕ್ಕೆ ಅವರು ಹೇಳಿದಷ್ಟೂ ಹೊತ್ತು ಕೈಕಟ್ಟಿ ಕಾದೆ. ಮೂರು ತಾಸು ಹಿಡಿಯಿತು. ಒಳಗೆ ಹದಿನೇಳು ಮೇಲ್ ಇದ್ದವು. ಹದಿನಾರು ದಸರೆಯ ಶುಭಾಶಯ. ಅವು ಮುಟ್ಟಲಿಲ್ಲವೆಂದು ಎರಡು ವರ್ಷದಲ್ಲಿ ಒಬ್ಬರೂ ದೂರಿರಲಿಲ್ಲ.

ಹದಿನೇಳನೆಯದು ಹುಕ್ಕೇರಿಯಿಂದ, 23 ಅಕ್ಟೋಬರ್ 2023, ಸಂಜೆ ಐದು ಗಂಟೆ ನಲವತ್ತೆರಡು ನಿಮಿಷ.

ಕಾಕಾ, ನೀವು ಗುಂಡಿ ಒತ್ತಿದ್ದೀರಿ. ಇದು ನನಗೆ ಗೊತ್ತು. ನಂಬಿಕೆಯಲ್ಲ.

ಈಗ ಕಷ್ಟದ ಮಾತು. ಮೇಲ್‌ನಲ್ಲಿ ಇರುವುದು ಇಷ್ಟು, ಇದ್ದ ಹಾಗೇ ಬರೆಯುತ್ತೇನೆ:

"ಕಂಪ್ರೆಸರ್ ನಿಂತಿದೆ. ತೊಟ್ಟಿಯಲ್ಲಿ 9000 ಲೀ. ಹಾಲು ಇದೆ. ಮೂಡಲಗಿಗೆ ಒಯ್ಯಲು ಕೂಡಲೇ ಟ್ಯಾಂಕರ್ ಕಳಿಸಬೇಕು. ಮೂರು ದಿನದಿಂದ ಸಪ್ಪಳ ಬರುತ್ತಿತ್ತು, ಹಬ್ಬ ಮುಗಿದ ಮೇಲೆ ತಿಳಿಸಿದರಾಯಿತು ಎಂದು ತಡೆದಿದ್ದೆ. ತಪ್ಪಾಗಿದೆ. ನಿಜಾಮಸಾಬ."

ಸಪ್ಪಳದ ಮಾತು ವಿಚಾರಣೆಯಲ್ಲಿ ಬಂದಿರಲಿಲ್ಲ. ಈ ಮೇಲ್ ಫೈಲಿಗೆ ಹೋದರೆ ನೀವು ಸುಳ್ಳು ಹೇಳಲಿಲ್ಲ ಎಂದಾಗುತ್ತದೆ, ಮೂರು ದಿನ ತಿಳಿಸಲಿಲ್ಲ ಎಂದೂ ಆಗುತ್ತದೆ. ಮೇಲಿನ ಮೂರು ಸಾಲು ಮಾತ್ರ ಪ್ರಿಂಟ್ ತೆಗೆದುಕೊಡು, ಯಾರಿಗೂ ತಿಳಿಯುವುದಿಲ್ಲ ಎಂದು ದುಂಡಪ್ಪಕಾಕಾ ಹೇಳಿದರು. ನನ್ನಿಂದ ಅದಾಗದು. ಕೊಟ್ಟರೆ ಪೂರ್ತಿ ಕೊಡುತ್ತೇನೆ, ಇಲ್ಲದಿದ್ದರೆ ಕೊಡುವುದೇ ಇಲ್ಲ. ಮೇಲ್ ಸಿಕ್ಕಿದೆ, ಒಳಗಿನದನ್ನು ಆಗಸ್ಟ್ ಹದಿನೆಂಟರವರೆಗೆ ಕೇಳಬೇಡಿರೆಂದು ಮೇಡಂಗೆ ಹೇಳಿದ್ದೇನೆ. ಅವರು ಒಪ್ಪಿದ್ದಾರೆ. ಇದು ಇನ್ನೂ ಯಾರಿಗೂ ಮುಟ್ಟಿಲ್ಲ. ಮುಟ್ಟದ ಮೇಲ್ ಕಳಿಸಿದವರದು ಎಂದು ನನ್ನ ತಿಳುವಳಿಕೆ. ಬೇಡ ಎಂದು ನೀವು ಹೇಳಬಹುದು.

ನಿಮ್ಮ
ಭೀಮೇಶ


ದಡ್ಡಿ
15 ಆಗಸ್ಟ್ 2025

ಭೀಮೇಶನಿಗೆ,

ಈ ಚೀಟಿಯನ್ನು ಮಾಳಪ್ಪನ ಕೈಯಲ್ಲಿ ಕಳಿಸುತ್ತಿದ್ದೇನೆ, ಅಂಚೆಗೆ ತಡವಾಗುತ್ತದೆ.

ಪೂರ್ತಿ ಕೊಡು.

ಸಪ್ಪಳದ ಮಾತನ್ನು ನಾನು ಮರೆತೇಬಿಟ್ಟಿದ್ದೆ. ಮರೆತೆನೋ, ಮರೆಯುವುದು ಹಿತವಾಗಿತ್ತೋ, ಈಗ ವಿಚಾರ ಮಾಡಿದರೆ ತಿಳಿಯುವುದಿಲ್ಲ. ಆ ಮೂರು ದಿನ ಕಂಪ್ರೆಸರಿನ ಬಾಜೂ ಕುಳಿತು ಕಿವಿಗೊಟ್ಟು ಕೇಳಿದ್ದೇನೆ. ಹಬ್ಬದ ಮುಂದೆ ಯಾರನ್ನು ಕರೆಯಲಿ ಎಂದುಕೊಂಡದ್ದು ನಾನೇ. ಆ ತಪ್ಪು ನನ್ನ ಹೆಸರಿಗೆ ಇರಲಿ, ಅದು ನನ್ನದು. ಮಾಡದ ತಪ್ಪು ಹೊತ್ತು ನಡೆಯುವುದೇ ಕಷ್ಟ. ಮಾಡಿದ್ದನ್ನು ಹೊರಬಹುದು.

ನಿನಗೆ ಇನ್ನೊಂದು ಮಾತು. ಅಂದು ನೀನು 'ಬಂದಿಲ್ರಿ' ಎಂದೆಯಲ್ಲ, ಸುಳ್ಳು ಹೇಳಿದ್ದರೆ ನಿನ್ನ ಮೇಲೆ ಸಿಟ್ಟಾಗಿ, ನಾಲ್ಕು ಬೈದು, ನಿದ್ದೆ ಮಾಡುತ್ತಿದ್ದೆ. ನೀನು ಸುಳ್ಳು ಹೇಳುವವನಲ್ಲ ಎಂದು ನನಗೆ ಗೊತ್ತಿತ್ತು. ಹುಡುಗ ಖರೆ ಹೇಳುತ್ತಿದ್ದಾನೆ ಎಂದರೆ ನಾನು ಏನು ಹೇಳುತ್ತಿದ್ದೇನೆ? ಅಲ್ಲಿಂದಲೇ ನನ್ನ ಸಂಶಯ ಶುರುವಾದದ್ದು. ಇಷ್ಟು ನಿನಗೆ ತಿಳಿದಿರಲಿ. ಬೈಯಬೇಕೆಂದು ಹೇಳುತ್ತಿಲ್ಲ.

ನಿಜಾಮಸಾಬ


ಗೋಕಾಕ
6 ಸೆಪ್ಟೆಂಬರ್ 2025

ಶಹಬಾಜ,

ಬರೆಯಬೇಡ ಎಂದಿದ್ದೆ. ಇದೊಂದು ಬರೆಯುತ್ತೇನೆ.

ಮೇಲ್‌ನ ಪೂರ್ತಿ ಪ್ರತಿ ಮೇಡಂಗೆ ಕೊಟ್ಟೆ. ಅವರು ನಿಂತೇ ಓದಿದರು, ಆಮೇಲೆ ಕುಳಿತು ಇನ್ನೊಮ್ಮೆ ಓದಿದರು. "ಇದನ್ನ ಅವತ್ತ ಓದಿದ್ರ ಟ್ಯಾಂಕರೂ ಕಳಸ್ತಿದ್ದೆ, ಸಪ್ಪಳಕ್ಕ ಬೈತಿದ್ದೆ ಸೈತ. ಅಲ್ಲಿಗೆ ಮುಗೀತಿತ್ತು" ಎಂದರು.

ಆಗಸ್ಟ್ ಹತ್ತೊಂಬತ್ತರಂದು ಹೊಸ ಸರ್ವರ್ ಪೂರ್ತಿ ಚಾಲೂ ಆಯಿತು. ಸೆಪ್ಟೆಂಬರ್ ಒಂದಕ್ಕೆ ಗೋಕಾಕ, ಮೂಡಲಗಿ, ಹುಕ್ಕೇರಿಯ ಎಲ್ಲರಿಗೂ ಮೇಡಂ ಸುತ್ತೋಲೆ ಕಳಿಸಿದರು. ನಿಜಾಮಸಾಬರು ಮೇಲ್ ಕಳಿಸಿದ್ದು ನಿಜ, ಸುಳ್ಳು ಹೇಳಿದರೆಂದು ಬರೆದದ್ದನ್ನು ಡೇರಿ ಹಿಂದಕ್ಕೆ ಪಡೆದಿದೆ, ಕಂಪ್ರೆಸರಿನ ಸಪ್ಪಳ ತಿಳಿಸಲು ತಡಮಾಡಿದ್ದು ಮಾತ್ರ ದಾಖಲೆಯಲ್ಲಿ ಉಳಿಯುತ್ತದೆ ಎಂದು. ಕೆಳಗೆ ಮೂಲ ಮೇಲ್. ಅದರ ಕೆಳಗೆ ಪ್ಲಗ್ಗಿನ ವಿಷಯ. ಅಲ್ಲಿ 'ತಾಂತ್ರಿಕ ಕಾರಣದಿಂದ' ಎಂದು ಹಾಕಿದ್ದರು. "ತಂತ್ರ ಅಲ್ರಿ, ನಾ ರಿ" ಎಂದೆ. "ಹಂಗಾರ ನೀನ ಬರಿ" ಎಂದರು. ಬರೆದೆ: ಬಂದ್ ಆಗುವವರೆಗೆ ಕಾಯದೆ ಭೀಮೇಶ ಎಂಬ ನಾನು ಪ್ಲಗ್ ಕಿತ್ತದ್ದರಿಂದ ಈ ಮೇಲ್ ಮುಟ್ಟಲಿಲ್ಲ, ಕೆಟ್ಟ ಫೋಲ್ಡರನ್ನು ಬದಿಗಿಟ್ಟು ಯಾರಿಗೂ ಹೇಳದೆ ಮರೆತದ್ದೂ ನಾನೇ.

ಎಲ್ಲರ ಪೆಟ್ಟಿಗೆಗೂ ಮುಟ್ಟಿದೆ. ನೋಡಿದ್ದೇನೆ.

ಸರ್ವರ್ ಕೋಣೆಯ ಕೀಲಿ ಇಸಿದುಕೊಂಡರು. ಆರು ತಿಂಗಳು ನಾನು ಮೂಡಲಗಿ ಕೇಂದ್ರದಲ್ಲಿ ಕ್ಯಾನ್ ತೊಳೆಯಬೇಕು. ಆಮೇಲೆ ನೋಡೋಣ ಎಂದಿದ್ದಾರೆ. ದುಂಡಪ್ಪಕಾಕಾಗೆ ಏನೂ ಆಗಲಿಲ್ಲ. ಅವರೇ ಮೇಡಂ ಬಳಿ ಹೋಗಿ, 'ಬಂದ್ ಮಾಡು ಎಂದವನು ನಾನು' ಎಂದು ಹೇಳಿಬಂದರು. ಹೊರಡುವಾಗ ನನಗೆ, "ಕ್ಯಾನಿಗೆ ಪ್ಲಗ್ ಇರೂದಿಲ್ಲ, ಅಲ್ಲೆರೆ ಶಾಂತ ಇರ" ಎಂದರು.

ಕಾಕಾಗೆ ವಾಪಸ್ ಬರಲು ಮೇಡಂ ಪತ್ರ ಬರೆದಿದ್ದಾರೆ. ಅದು ಇಷ್ಟರಲ್ಲಿ ದಡ್ಡಿಗೆ ಬಂದಿರಬೇಕು. ಅವರು ಏನೆಂದರೋ ನನಗೆ ಗೊತ್ತಿಲ್ಲ, ಕೇಳುವ ಹಕ್ಕೂ ಇಲ್ಲ.

ಸೋಮವಾರದಿಂದ ನನ್ನ ವಿಳಾಸ: ಶೀತಲ ಕೇಂದ್ರ, ಮೂಡಲಗಿ.

ಭೀಮೇಶ


ಹುಕ್ಕೇರಿ
15 ಸೆಪ್ಟೆಂಬರ್ 2025

ಭೀಮ್ಯಾ,

ಸುತ್ತೋಲೆಯ ಪ್ರಿಂಟ್ ಅನ್ನು ಮಾಳಪ್ಪ ಗಿರಣಿಗೆ ತಂದುಕೊಟ್ಟ. ನಾನು ಅಂದು ದಡ್ಡಿಯಲ್ಲೇ ಇದ್ದೆ. ಅಬ್ಬಾ ಗಿರಣಿ ನಿಲ್ಲಿಸಿ, ಕೈ ಒರೆಸಿಕೊಂಡು ಓದಿದರು. ಐದು ನಲವತ್ತೆರಡು ಎಂದಿದ್ದ ಕಡೆ ಬೆರಳಿಟ್ಟರು. ಆಮೇಲೆ ಅಮ್ಮಿಯನ್ನು ಕರೆದು, "ನಾ ಕಳಿಸಿದ್ದೆ" ಎಂದರು. ಅವಳಿಗೆ ಅದು ಹೊಸ ಸುದ್ದಿಯಲ್ಲ. "ನಾ ಯಾವಾಗರೆ ಇಲ್ಲ ಅಂದೇನೇನು?" ಎಂದಳು. ಅವರು ಹೇಳಿದ್ದು ಅವಳಿಗಲ್ಲ ಎಂದು ನನಗೆ ಈಗ ಗೊತ್ತು. ನಿನಗೆ ಬರೆದದ್ದನ್ನು ಅಬ್ಬಾ ನನಗೂ ಹೇಳಿದ್ದಾರೆ.

ಡೇರಿಗೆ ಹೋಗುವುದಿಲ್ಲವಂತೆ. ಗಿರಣಿ ಕೈಗೆ ಹತ್ತಿದೆ, ಇನ್ನು ಹಾಲು ಕಾಯುವ ಧಾವತಿ ಬೇಡ ಎನ್ನುತ್ತಾರೆ. ಮೇಡಂಗೆ ಹಾಗೇ ಬರೆದರು. ರಾತ್ರಿ ಬೇಗ ಮಲಗುತ್ತಾರೆ ಎಂದು ಅಮ್ಮಿ ಹೇಳಿದಳು. ಅದನ್ನು ನಿನಗೆ ಬರೆ ಎಂದು ಹೇಳಿದವಳೂ ಅವಳೇ.

ಅಬ್ಬಾಗೆ ನಿನ್ನ ಮೇಲೆ ಸಿಟ್ಟಿಲ್ಲ. ನನಗಿದೆ. ನೀನು ಪ್ಲಗ್ ಕಿತ್ತದ್ದಕ್ಕೆ, ಮರೆತದ್ದಕ್ಕೆ, ಮೇಡಂ ಮುಂದೆ ಹೌದು ಎನ್ನದೆ ನಿಂತದ್ದಕ್ಕೆ. ನೀನು ಅಂದು ಹೌದು ಎಂದಿದ್ದರೆ ಈ ಮೇಲ್ ಗುಜರಿಗೆ ಹೋಗುತ್ತಿತ್ತು, ಅಬ್ಬಾ ಸಾಯುವವರೆಗೂ ತಮ್ಮ ಬೆರಳನ್ನು ನೋಡಿಕೊಳ್ಳುತ್ತಿದ್ದರು. ಅದು ತಿಳಿದ ಮೇಲೂ ಸಿಟ್ಟು ಹೋಗುತ್ತಿಲ್ಲ. ಇದಕ್ಕೂ ಸಿಟ್ಟು ಬರುತ್ತದೆ.

ಇದು ಕಾಗದದಲ್ಲಿ ಹಿಡಿಯುವಂಥದ್ದಲ್ಲ. ಬರುವ ಭಾನುವಾರ ದಡ್ಡಿಗೆ ಬಾ. ಬಂದ ಕೂಡಲೇ ಬೈಯಬೇಕೆಂದಿದ್ದೇನೆ. ಮೊದಲು ಊಟ, ಆಮೇಲೆ ಬೈಗುಳ ಎಂದು ಅಮ್ಮಿ ಹೇಳುತ್ತಾಳೆ. ಎರಡಕ್ಕೂ ಸಾಕಾಗುವಷ್ಟು ಹೊತ್ತು ಇಟ್ಟುಕೊಂಡು ಬಾ. ಬರದಿದ್ದರೆ ನಾನೇ ಮೂಡಲಗಿಗೆ ಬಂದು, ನಿನ್ನ ಕ್ಯಾನುಗಳ ನಡುವೆ ನಿಂತು, ಎಲ್ಲರೆದುರು ಬೈಯುತ್ತೇನೆ.

ಶಹಬಾಜ